ಒಂಬತ್ತು ಇಂಚಿನ ಗೋಡೆ: ಆಕ್ಸ್‌ಫರ್ಡಿನ ಕಟ್ಸ್‌ಲೋ ಬಡಾವಣೆಯ ಪ್ರಕರಣ

ಮನೆ ಕಟ್ಟುವ ಮೇಸ್ತ್ರಿಗಳ ಬಾಯಲ್ಲಿ ಇಟ್ಟಿಗೆ ಗೋಡೆಗಳು ಎರಡು ಬಗೆ: ಕೋಣೆಗಳ ನಡುವೆ ಬರುವ ನಾಲ್ಕೂವರೆ ಇಂಚಿನದು, ಭಾರ ಹೊರುವ ಒಂಬತ್ತು ಇಂಚಿನದು. ಒಂದು ಇಟ್ಟಿಗೆಯ ಉದ್ದ ಎಷ್ಟೋ ಎರಡನೆಯ ಗೋಡೆಯ ದಪ್ಪ ಅಷ್ಟು. ಇಂಗ್ಲೆಂಡಿನಲ್ಲೂ ಲೆಕ್ಕ ಇದೇ. ಆಕ್ಸ್‌ಫರ್ಡ್ ನಗರದ ಉತ್ತರದ ಅಂಚಿನಲ್ಲಿರುವ ಕಟ್ಸ್‌ಲೋ ಎಂಬ ಬಡಾವಣೆಯಲ್ಲಿ 1934ರ ಡಿಸೆಂಬರಿನಲ್ಲಿ ಎರಡು ರಸ್ತೆಗಳನ್ನು ಅಡ್ಡಗಟ್ಟಿ ಎರಡು ಗೋಡೆಗಳು ಎದ್ದವು. ಅವು ನಿಂತಿದ್ದದ್ದು ಒಂಬತ್ತು ಇಂಚು ಅಗಲದ ನೆಲದ ಪಟ್ಟಿಗಳ ಮೇಲೆ. ಆ ಪಟ್ಟಿಗಳ ಒಡೆತನದ ಸುತ್ತ ಇಪ್ಪತ್ತನಾಲ್ಕು ವರ್ಷಗಳ ಕಾಲ ಮೆರವಣಿಗೆ, ಪೊಲೀಸರ ಕಾವಲು, ನಗರಸಭೆಯ ಸ್ಟೀಮ್ ರೋಲರ್, ಕೋರ್ಟಿನ ವಾದ, ಕೊನೆಗೆ ಒಂದು ಯುದ್ಧ ಟ್ಯಾಂಕು ಕೂಡ ಬಂದುಹೋದವು. ಗೋಡೆಗಳು ಕಾನೂನಿನ ಪ್ರಕಾರವಾಗಿ, ಪೂರ್ತಿಯಾಗಿ ಬಿದ್ದದ್ದು 1959ರ ಮಾರ್ಚ್ 9ರಂದು.

ಈ ಪ್ರಕರಣವನ್ನು ಸಾಮಾನ್ಯವಾಗಿ ಇಂಗ್ಲಿಷರ ವರ್ಗಭೇದಕ್ಕೆ ಒಂದು ಉದಾಹರಣೆಯಾಗಿ ಹೇಳಿ ಮುಗಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಅಷ್ಟು ಹೇಳಿದರೆ ಸಾಲದು. ಬಡವರ ನೆರೆ ಬೇಡವೆನ್ನುವ ತಾತ್ಸಾರ ಎಲ್ಲ ಕಾಲದಲ್ಲೂ ಎಲ್ಲ ಊರಿನಲ್ಲೂ ಇದೆ; ಆದರೆ ಎಲ್ಲ ಊರಿನಲ್ಲೂ ರಸ್ತೆಯ ನಡುವೆ ಗೋಡೆ ಏಳುವುದಿಲ್ಲ. ಕಟ್ಸ್‌ಲೋದಲ್ಲಿ ಆ ತಾತ್ಸಾರಕ್ಕೆ ಇಟ್ಟಿಗೆಯ ರೂಪ ಕೊಟ್ಟದ್ದು ಒಂದು ಜಮೀನಿನ ಮಾರಾಟ. ಮಾರಿದವರು ಬೇರೆ ಯಾರೂ ಅಲ್ಲ, ಮುಂದೆ ಆ ಗೋಡೆಯನ್ನು ಕೆಡವಲು ಹೆಣಗಿದ ನಗರಸಭೆಯೇ. ಈ ಬರಹ ಮುಖ್ಯವಾಗಿ ನೋಡಲು ಹೊರಟಿರುವುದು ಆ ವ್ಯವಹಾರವನ್ನು ಮತ್ತು ಅದು ಒಂದು ಬಡಾವಣೆಯ ಸ್ವಭಾವವನ್ನೇ ರೂಪಿಸಿದ ಬಗೆಯನ್ನು.

ಕಾರಿನ ಕಾರ್ಖಾನೆ ಬೆಳೆಸಿದ ಊರು

ಕನ್ನಡದ ಓದುಗರಿಗೆ ಆಕ್ಸ್‌ಫರ್ಡ್ ಎಂದೊಡನೆ ನೆನಪಾಗುವುದು ವಿಶ್ವವಿದ್ಯಾನಿಲಯ. ಮೈಸೂರಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ 1936ರಿಂದ 1952ರವರೆಗೆ ಅಲ್ಲಿ ಸ್ಪಾಲ್ಡಿಂಗ್ ಪ್ರಾಧ್ಯಾಪಕರ ಪೀಠದಲ್ಲಿದ್ದರು. ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ರೋಡ್ಸ್ ವಿದ್ಯಾರ್ಥಿಯಾಗಿ ಓದಿದ್ದೂ ಅಲ್ಲೇ. ರಾಧಾಕೃಷ್ಣನ್ ಪೀಠದಲ್ಲಿದ್ದ ಕಾಲದಲ್ಲಿ, ನಡುವೆ ಕೆಡವಿದ ಅವಧಿಯನ್ನು ಬಿಟ್ಟರೆ, ಅದೇ ನಗರದ ಉತ್ತರದಲ್ಲಿ ಈ ಗೋಡೆಗಳು ನಿಂತೇ ಇದ್ದವು. ಕಾರ್ನಾಡರು ಬರುವ ಹೊತ್ತಿಗೆ ಅವು ಬಿದ್ದು ವರ್ಷ ಕಳೆದಿತ್ತು. ಗೋಪುರಗಳ, ಗ್ರಂಥಾಲಯಗಳ ಆಕ್ಸ್‌ಫರ್ಡಿನ ಪಕ್ಕದಲ್ಲೇ ಇನ್ನೊಂದು ಆಕ್ಸ್‌ಫರ್ಡ್ ಇತ್ತು. ಅದನ್ನು ಬೆಳೆಸಿದ್ದು ಕಾರು.

ಸೈಕಲ್ ರಿಪೇರಿಯಿಂದ ಬದುಕು ಆರಂಭಿಸಿದ ವಿಲಿಯಂ ಮಾರಿಸ್ ತಮ್ಮ ಮೊದಲ ಕಾರನ್ನು 1913ರಲ್ಲಿ ಮಾರಾಟಕ್ಕೆ ತಂದರು. ನಗರದ ಆಗ್ನೇಯಕ್ಕಿದ್ದ ಕೌಲಿ ಎಂಬ ಹಳ್ಳಿಯಲ್ಲಿ ಅವರ ಕಾರ್ಖಾನೆ ಬೆಳೆಯಿತು. ಕಾರಿನ ಉಕ್ಕಿನ ಮೈಯನ್ನು ಅಚ್ಚೊತ್ತುವ ಪ್ರೆಸ್ಡ್ ಸ್ಟೀಲ್ ಕಂಪನಿ 1926ರಲ್ಲಿ ಅದರ ಪಕ್ಕದಲ್ಲೇ ಬಂದು ಕೂತಿತು. ಕಲ್ಲಿದ್ದಲು ಗಣಿಗಳು ಮುಚ್ಚಿಹೋಗಿ ಕೆಲಸವಿಲ್ಲದೆ ಕಂಗಾಲಾಗಿದ್ದ ದಕ್ಷಿಣ ವೇಲ್ಸಿನ ಗಂಡಸರು ಗುಂಪುಗುಂಪಾಗಿ ಕೌಲಿಗೆ ಬಂದರು. 1921ರಲ್ಲಿ ಸುಮಾರು 57 ಸಾವಿರದಷ್ಟಿದ್ದ ನಗರದ ಜನಸಂಖ್ಯೆ 1931ರ ಹೊತ್ತಿಗೆ 80 ಸಾವಿರವಾಯಿತು. ಈ ಏರಿಕೆಯಲ್ಲಿ ಒಂದು ಪಾಲು 1929ರಲ್ಲಿ ನಗರದ ಗಡಿಯನ್ನು ಹಿಗ್ಗಿಸಿ ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡದ್ದರಿಂದ ಬಂದದ್ದು. ಹಾಗೆ ಸೇರಿದ ನೆಲದಲ್ಲಿ ಕಟ್ಸ್‌ಲೋ ಕೂಡ ಒಂದು. ಹೆಸರಿನ ಕೊನೆಯಲ್ಲಿರುವ ‘ಲೋ’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ದಿಬ್ಬ ಎಂದು ಅರ್ಥ. ಅಲ್ಲಿಯವರೆಗೂ ಅದು ಹೊಲ, ಹುಲ್ಲುಗಾವಲುಗಳ ಜಾಗ.

ಹೊಸಬರು ಬಂದಂತೆ ನಗರದಲ್ಲಿ ಇದ್ದ ಮನೆಗಳು ಸಾಲದಾದವು. ಅದರ ಜೊತೆಗೆ ಹಳೆಯ ನಗರದ ನಡುವೆ, ಗ್ಯಾಸ್ ಕಾರ್ಖಾನೆಯ ನೆರಳಿನಲ್ಲಿದ್ದ ಸೇಂಟ್ ಎಬ್ಸ್‌ನಂಥ ಕೇರಿಗಳಲ್ಲಿ ಕೂಲಿಕಾರರ ಕುಟುಂಬಗಳು ತೇವ ಹಿಡಿದ, ಇಕ್ಕಟ್ಟಾದ ಮನೆಗಳಲ್ಲಿ ಬದುಕುತ್ತಿದ್ದವು. ಈ ಎರಡೂ ಒತ್ತಡಗಳಿಗೆ ಉತ್ತರವೆಂದು ಮುಂದೆ ಬಂದದ್ದು ನಗರಸಭೆಯೇ ಕಟ್ಟಿ ಬಾಡಿಗೆಗೆ ಕೊಡುವ ಮನೆ. ಇಂಗ್ಲೆಂಡಿನಲ್ಲಿ ಅದನ್ನು ಕೌನ್ಸಿಲ್ ಮನೆ ಎನ್ನುತ್ತಾರೆ. ಮೊದಲ ಮಹಾಯುದ್ಧ ಮುಗಿದು ಬಂದ ಸೈನಿಕರಿಗೆ ತಕ್ಕ ಮನೆಗಳನ್ನು ಕೊಡುತ್ತೇವೆಂಬ ಸರ್ಕಾರದ ಮಾತಿನ ಫಲವಾಗಿ ಜಾರಿಗೆ ಬಂದ 1919ರ ವಸತಿ ಕಾಯ್ದೆ, ತಮ್ಮ ಊರಿನ ವಸತಿಯ ಅಗತ್ಯವನ್ನು ಅಳೆದು ಮನೆ ಕಟ್ಟುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. 1930ರ ಕಾಯ್ದೆ ಮುಂದುವರಿದು, ಕೊಳೆಗೇರಿಗಳನ್ನು ತೆರವು ಮಾಡಿ ಅಲ್ಲಿಂದ ಎಷ್ಟು ಜನರಿಗೆ ಬೇರೆ ಮನೆ ಕೊಡಲಾಯಿತೋ ಆ ತಲೆಲೆಕ್ಕದಲ್ಲಿ ಸಹಾಯಧನ ಕೊಟ್ಟಿತು. ಎರಡು ಮಹಾಯುದ್ಧಗಳ ನಡುವೆ ಆ ದೇಶದಲ್ಲಿ ಎದ್ದ ಸುಮಾರು 40 ಲಕ್ಷ ಮನೆಗಳಲ್ಲಿ 11 ಲಕ್ಷದಷ್ಟು ಹೀಗೆ ಸ್ಥಳೀಯ ಸಂಸ್ಥೆಗಳು ಕಟ್ಟಿದವು.

ಒಂದೇ ನೆಲ, ಎರಡು ಬಡಾವಣೆ

ಕಟ್ಸ್‌ಲೋದಲ್ಲಿ ನಗರಸಭೆ ಜಮೀನು ಕೊಂಡು 1930ರ ದಶಕದ ಆರಂಭದಲ್ಲಿ ತನ್ನ ಬಾಡಿಗೆ ಮನೆಗಳನ್ನು ಕಟ್ಟಿತು. ಅದರ ಪಶ್ಚಿಮಕ್ಕೆ, ನಗರದ ಮುಖ್ಯ ದಾರಿಯಾದ ಬ್ಯಾನ್‌ಬರಿ ರಸ್ತೆಯ ಕಡೆಗೆ ಉಳಿದಿದ್ದ ತನ್ನದೇ ಜಮೀನನ್ನು 1933ರಲ್ಲಿ ಅರ್ಬನ್ ಹೌಸಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆಗೆ ಮಾರಿತು. ಪ್ರಕರಣದ ಗಂಟು ಇರುವುದು ಇಲ್ಲಿ. ಬ್ಯಾನ್‌ಬರಿ ರಸ್ತೆಗೂ ಕೌನ್ಸಿಲ್ ಮನೆಗಳಿಗೂ ನಡುವೆ ಇದ್ದ ನೆಲ ಕೈಬಿಟ್ಟುಹೋಯಿತು. ಅಂಗಡಿ, ಬಸ್ಸು, ಊರಿನ ಒಳಗಿನ ಕೆಲಸಕ್ಕೆ ಹೋಗುವ ದಾರಿ ಎಲ್ಲವೂ ಇದ್ದದ್ದು ಆ ಕಡೆಗೇ. ತನ್ನ ಬಾಡಿಗೆದಾರರು ಆ ನೆಲದ ಮೂಲಕವೇ ಹಾದುಹೋಗಬೇಕೆಂಬುದು ನಕ್ಷೆ ನೋಡಿದ ಯಾರಿಗಾದರೂ ತಿಳಿಯುವ ಸಂಗತಿ. ಆದರೂ ರಸ್ತೆಗಳನ್ನು ಎಂದೆಂದಿಗೂ ತೆರೆದೇ ಇಡಬೇಕೆಂದು ಕಂಪನಿಯ ಕೈ ಕಟ್ಟುವಂಥ ಗಟ್ಟಿ ಷರತ್ತು ನಗರಸಭೆಯ ಕೈಯಲ್ಲಿ ಉಳಿಯಲಿಲ್ಲ ಎಂಬುದು ಮುಂದಿನ ಇಪ್ಪತ್ತನಾಲ್ಕು ವರ್ಷಗಳ ನಡಾವಳಿಯಿಂದಲೇ ಸ್ಪಷ್ಟವಾಗುತ್ತದೆ.

ಎರಡೂ ಕಡೆಯ ಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇಷ್ಟು ಜಗಳಕ್ಕೆ ಕಾರಣವಾಗುವ ಅಂತರ ಕಣ್ಣಿಗೆ ಬೀಳುವುದಿಲ್ಲ. ಆ ಕಾಲದ ಕೌನ್ಸಿಲ್ ಮನೆಗಳು ಎಕರೆಗೆ ಹನ್ನೆರಡರಂತೆ, ಮುಂದೆ ಹಿಂದೆ ಕೈತೋಟ ಬಿಟ್ಟು, ಜೋಡಿಯಾಗಿ ಇಲ್ಲವೇ ನಾಲ್ಕಾರು ಮನೆಗಳ ಚಿಕ್ಕ ಸಾಲಾಗಿ ಕಟ್ಟಿದ ಸರಳವಾದ ಇಟ್ಟಿಗೆ ಮನೆಗಳು. ಅದೇ ಕಾಲದ ಖಾಸಗಿ ಮನೆಗಳೂ ಹೆಚ್ಚೂಕಡಿಮೆ ಅದೇ ಅಳತೆಯ ಜೋಡಿ ಮನೆಗಳು. ಬಿಲ್ಡರುಗಳು ತಮ್ಮ ಮನೆ ಕೌನ್ಸಿಲ್ ಮನೆಯಲ್ಲವೆಂದು ದೂರದಿಂದಲೇ ತಿಳಿಯಲಿ ಎಂದು ಮುಂಭಾಗದಲ್ಲಿ ಹೊರಚಾಚಿದ ಕಿಟಕಿ, ಹೆಂಚಿನ ಮಾಡಿಗೆ ಒಂದು ಅಲಂಕಾರದ ತ್ರಿಕೋನ ಸೇರಿಸುತ್ತಿದ್ದರು. ಇಂಗ್ಲೆಂಡಿನ ಯಾವ ಉಪನಗರದಲ್ಲಾದರೂ ನಡೆದುಹೋಗುವಾಗ ಆ ಕಿಟಕಿಯೊಂದನ್ನು ನೋಡಿಯೇ ಇದು ಕೌನ್ಸಿಲ್ ಬೀದಿ, ಇದು ಸ್ವಂತ ಮನೆಗಳ ಬೀದಿ ಎಂದು ಹೇಳಬಹುದು. ಜಗಳವಾಡುತ್ತಿದ್ದದ್ದು ಶ್ರೀಮಂತರು ಮತ್ತು ಕಡುಬಡವರಲ್ಲ, ಒಂದು ಮೆಟ್ಟಿಲು ಮೇಲೆ ಮತ್ತು ಒಂದು ಮೆಟ್ಟಿಲು ಕೆಳಗೆ ನಿಂತವರು ಎಂಬುದನ್ನು ನೆನಪಿಟ್ಟರೆ ಈ ಪ್ರಕರಣ ಇನ್ನಷ್ಟು ಅರ್ಥವಾಗುತ್ತದೆ. ಕೆಳಗಿನ ಮೆಟ್ಟಿಲಿಗೆ ಜಾರುವ ಭಯ ಹೆಚ್ಚಾಗಿರುವುದು ಆಗತಾನೇ ಮೇಲಿನ ಮೆಟ್ಟಿಲು ಹತ್ತಿದವರಿಗೆ.

ಕಂಪನಿಯ ನಿರ್ದೇಶಕರಾಗಿದ್ದ ಕ್ಲೈವ್ ಸ್ಯಾಕ್ಸ್‌ಟನ್ ಈ ಭಯವನ್ನು ಚೆನ್ನಾಗಿ ಬಲ್ಲ ವ್ಯಾಪಾರಿ. ಕೊಳೆಗೇರಿ ತೆರವಿನ ಯೋಜನೆಯಡಿ ಕೆಲವು ಕುಟುಂಬಗಳಿಗೆ ಕಟ್ಸ್‌ಲೋದ ಕೌನ್ಸಿಲ್ ಮನೆಗಳು ಸಿಕ್ಕವೆಂಬ ಸುದ್ದಿ ಹಬ್ಬಿದಾಗ, ತಮ್ಮ ಮನೆಗಳಿಗೆ ಗಿರಾಕಿಗಳು ಬರುವುದಿಲ್ಲವೆಂದು ಅವರು ಹೆದರಿದರು. ಹಾಗೆ ಬಂದ ಕುಟುಂಬಗಳು ಇಡೀ ಬಡಾವಣೆಯಲ್ಲಿ ಸಣ್ಣ ಪಾಲು ಮಾತ್ರ. ಆ ಕಾಲದ ಕೌನ್ಸಿಲ್ ಬಾಡಿಗೆ ಕಡುಬಡವರಿಗೆ ಎಟುಕುವಂಥದ್ದಾಗಿರಲಿಲ್ಲ; ಹೆಚ್ಚಿನ ಮನೆಗಳಲ್ಲಿ ಇದ್ದವರು ವಾರಕ್ಕೆ ಸರಿಯಾಗಿ ಸಂಬಳ ಎಣಿಸುವ ದುಡಿಮೆಗಾರರು. ಆದರೆ ‘ಕೊಳೆಗೇರಿಯವರು’ ಎಂಬ ಒಂದು ಮಾತು ಸಾಕಾಯಿತು. ಆ ಮಾತಿನ ಹಿಂದೆ ಇದ್ದದ್ದು ಬಡತನದ ಬಗೆಗಿನ ಅಸಹ್ಯವಷ್ಟೇ ಅಲ್ಲ, ತಿಗಣೆಯ ಭಯವೂ ಹೌದು. ಇಂಗ್ಲೆಂಡಿನ ಹಲವು ನಗರಗಳಲ್ಲಿ ಕೊಳೆಗೇರಿಯಿಂದ ಹೊಸ ಮನೆಗೆ ಹೋಗುವವರ ಹಾಸಿಗೆ ಮಂಚಗಳನ್ನು ಮುಚ್ಚಿದ ವ್ಯಾನಿನಲ್ಲಿ ತುಂಬಿ, ವಿಷದ ಹೊಗೆ ಹಾಕಿಸಿ, ಆಮೇಲೆ ಹೊಸ ಮನೆಗೆ ಇಳಿಸುತ್ತಿದ್ದರು. ಬೀದಿಯವರೆಲ್ಲ ನೋಡುತ್ತಿರುವಾಗ ತನ್ನ ಮನೆಯ ಸಾಮಾನು ಹಾಗೆ ಇಳಿಯುವುದನ್ನು ನಿಂತು ನೋಡಿದ ತಾಯಿಯ ಮನಸ್ಸಿಗೆ ಏನಾಗಿರಬಹುದೆಂದು ಯೋಚಿಸಿದರೆ ಸಂಕಟವಾಗುತ್ತದೆ.

1934ರ ಡಿಸೆಂಬರಿನಲ್ಲಿ ಗೋಡೆಗಳು ಎದ್ದವು. ಎತ್ತರ ಎರಡು ಮೀಟರಿಗೂ ಹೆಚ್ಚು. ಹತ್ತಿ ದಾಟಬಾರದೆಂದು ಮೇಲ್ತುದಿಯಲ್ಲಿ ಚೂಪಾದ ಕಬ್ಬಿಣದ ಮುಳ್ಳುಗಳು. ಒಂದು ಗೋಡೆ ಖಾಸಗಿ ಕಡೆಯ ವೆಂಟ್‌ವರ್ತ್ ರಸ್ತೆ ಕೌನ್ಸಿಲ್ ಕಡೆಯ ಆಲ್ಡ್ರಿಚ್ ರಸ್ತೆಯನ್ನು ಸೇರುವಲ್ಲಿ, ಇನ್ನೊಂದು ಕಾರ್ಲ್‌ಟನ್ ರಸ್ತೆ ವುಲ್ಜಿ ರಸ್ತೆಯನ್ನು ಸೇರುವಲ್ಲಿ. ನೆಲದ ಮೇಲೆ ಅವು ಎರಡೇ ರಸ್ತೆಗಳು, ಹೆಸರು ಮಾತ್ರ ನಾಲ್ಕು.

ದಿನದ ನಡಿಗೆ

ಗೋಡೆ ಎಂದರೆ ಏನೆಂದು ತಿಳಿಯಲು ಅದರ ಎತ್ತರಕ್ಕಿಂತ ಅದು ಉದ್ದ ಮಾಡಿದ ನಡಿಗೆಯನ್ನು ಅಳೆಯಬೇಕು. ಆಲ್ಡ್ರಿಚ್ ರಸ್ತೆಯ ಕೊನೆಯ ಮನೆಯವರಿಗೆ ಬ್ಯಾನ್‌ಬರಿ ರಸ್ತೆ ಮೂಗಿನ ನೇರಕ್ಕೆ ಇತ್ತು. ಗೋಡೆ ಎದ್ದ ಮೇಲೆ ಅದೇ ಜಾಗ ತಲುಪಲು ಅರ್ಧ ಕಿಲೋಮೀಟರಿಗೂ ಮಿಕ್ಕಿದ ಸುತ್ತುದಾರಿ ಹಿಡಿಯಬೇಕಾಯಿತು. ದಿನಕ್ಕೆ ಎರಡು ಸಲ ಹೊರಗೆ ಹೋಗಿಬರುವ ಒಬ್ಬರಿಗೆ ಇದು ಎರಡು ಕಿಲೋಮೀಟರಿಗೂ ಹೆಚ್ಚಿನ ಕಾಲುಶ್ರಮ. ಚಳಿಗಾಲದ ಆಕ್ಸ್‌ಫರ್ಡಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಮಳೆ ಜಿನುಗುತ್ತಲೇ ಇರುತ್ತದೆ. ಕೂಸನ್ನು ಮಲಗಿಸಿದ ಕೈಗಾಡಿ ಒಂದು ಕೈಯಲ್ಲಿ, ಸಂತೆಯ ಚೀಲ ಇನ್ನೊಂದರಲ್ಲಿ, ದೊಡ್ಡ ಮಗು ಪಕ್ಕದಲ್ಲಿ. ಗೋಡೆಯ ಬುಡದಲ್ಲಿರುವ ಮನೆಯಾಕೆಗೆ ಆಚೆಯ ಬಸ್ಸು ಎಷ್ಟು ಹತ್ತಿರವೆಂದು ದಿನವೂ ಗೊತ್ತಾಗುತ್ತಿತ್ತು. ಸುತ್ತಿ ಬರುವಷ್ಟರಲ್ಲಿ ಬಸ್ಸು ಹೋಗಿರುವುದೂ ದಿನವೂ ಗೊತ್ತಾಗುತ್ತಿತ್ತು.

ಊರು ಬೇರೆ, ಕೇರಿ ಬೇರೆ ಎಂಬ ಏರ್ಪಾಡನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಟ್ಸ್‌ಲೋದಲ್ಲಿ ಇದ್ದದ್ದು ಜಾತಿಯಲ್ಲ ಎಂಬುದು ನಿಜ. ಆದರೆ ಯಾರು ಎಲ್ಲಿಂದ ನಡೆಯಬೇಕು ಎಂಬುದನ್ನು ಇನ್ನೊಬ್ಬರು ನಿರ್ಧರಿಸುವಾಗ ಆಗುವ ಅವಮಾನ ಎಲ್ಲ ಕಡೆಯೂ ಒಂದೇ. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಖಾಸಗಿ ಕಡೆಗೆ ಬಂದು ನೆಲೆಸಿದ ಕುಟುಂಬಗಳು ಆ ಗೋಡೆಗಳನ್ನು ಕಟ್ಟಿದವರಲ್ಲ. 1930ರ ದಶಕದಲ್ಲಿ ಬಡ್ಡಿ ಇಳಿದು, ಗೃಹನಿರ್ಮಾಣ ಸಂಘಗಳು ಧಾರಾಳವಾಗಿ ಸಾಲ ಕೊಡತೊಡಗಿದಾಗ, ಗುಮಾಸ್ತರು, ಅಂಗಡಿಯವರು, ಕುಶಲ ಕೆಲಸಗಾರರು ಇಂಗ್ಲೆಂಡಿನ ತುಂಬ ಹೀಗೆ ಮೊದಲ ಸಲ ಸ್ವಂತ ಮನೆಯ ಕನಸು ಕಂಡರು. ಇಪ್ಪತ್ತು ವರ್ಷದ ಕಂತು ಹೊತ್ತವರಿಗೆ ಮನೆಯ ಬೆಲೆ ಬಿದ್ದರೆ ಬದುಕೇ ಬಿದ್ದಂತೆ. ಆ ಅಂಜಿಕೆಯನ್ನು ಬಂಡವಾಳ ಮಾಡಿಕೊಂಡದ್ದು ಕಂಪನಿ.

ಇಂಥ ಗೋಡೆ ಇದೊಂದೇ ಅಲ್ಲ. ಲಂಡನ್ನಿನ ಆಗ್ನೇಯದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿದ ಡೌನ್‌ಹ್ಯಾಮ್ ಬಡಾವಣೆಗೂ ಪಕ್ಕದ ಬ್ರಾಮ್ಲಿಯ ಖಾಸಗಿ ಬೀದಿಗೂ ನಡುವೆ 1926ರಲ್ಲೇ ಒಡೆದ ಗಾಜು ಚುಚ್ಚಿದ ಗೋಡೆ ಎದ್ದಿತ್ತು. ಅಲ್ಲಿಯೂ ಕಟ್ಟಿದವರು ಖಾಸಗಿಯವರೇ. ಆದರೆ ಕಟ್ಸ್‌ಲೋ ವಿಷಯದಲ್ಲಿ ಎರಡೂ ಕಡೆಯ ನೆಲ ಒಂದು ಕಾಲಕ್ಕೆ ಒಂದೇ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿತ್ತು. ನನ್ನ ಮಟ್ಟಿಗೆ ಈ ಪ್ರಕರಣವನ್ನು ಬೇರೆಲ್ಲದಕ್ಕಿಂತ ಗಂಭೀರವಾಗಿಸುವುದು ಈ ಅಂಶ.

ಗುದ್ದಲಿ, ರೋಲರ್, ಕೋರ್ಟು

ಮೊದಲ ದಾಳಿ ಬಂದದ್ದು ಕಾರ್ಮಿಕರಿಂದ. ಏಬ್ ಲಜಾರಸ್ ಎಂಬ ಕಮ್ಯುನಿಸ್ಟ್ ಸಂಘಟಕರು 1934ರ ಬೇಸಿಗೆಯಲ್ಲಿ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯ ಮುಷ್ಕರವನ್ನು ಮುನ್ನಡೆಸಿ ಕಾರ್ಮಿಕ ಸಂಘಕ್ಕೆ ಮಾನ್ಯತೆ ಗಳಿಸಿಕೊಟ್ಟು ಆಕ್ಸ್‌ಫರ್ಡಿನಲ್ಲಿ ಹೆಸರಾಗಿದ್ದರು. ಅದಕ್ಕೂ ಮೊದಲು, 1933ರಲ್ಲಿ, ಬ್ರೆಂಟ್‌ಫರ್ಡಿನ ಫೈರ್‌ಸ್ಟೋನ್ ಟೈರ್ ಕಾರ್ಖಾನೆಯ ಮುಷ್ಕರದಲ್ಲಿ ದುಡಿದದ್ದರಿಂದ ಅವರಿಗೆ ‘ಬಿಲ್ ಫೈರ್‌ಸ್ಟೋನ್’ ಎಂಬ ಅಡ್ಡಹೆಸರೂ ಅಂಟಿತ್ತು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಕಾಯಿಲೆಯಿದ್ದ ಆ ಮನುಷ್ಯ 1935ರ ಮೇ 11ರಂದು ಗೋಡೆ ಕೆಡವುತ್ತೇವೆಂದು ಸಾರಿ, ಗುದ್ದಲಿ ಪಿಕಾಸಿ ಹಿಡಿದ ಜನರನ್ನು ಕಟ್ಸ್‌ಲೋಗೆ ಕರೆತಂದರು. ದೊಡ್ಡ ಜನಸಂದಣಿ ನೆರೆಯಿತು. ಪೊಲೀಸರು ಅಡ್ಡ ನಿಂತರು. ಆ ದಿನ ಒಂದು ಇಟ್ಟಿಗೆಯೂ ಬೀಳಲಿಲ್ಲ, ಆದರೆ ಒಂದು ಬಡಾವಣೆಯ ದೂರು ಅಂದಿನಿಂದ ಇಡೀ ನಗರದ ಪ್ರಶ್ನೆಯಾಯಿತು.

ಇದಾದ ಮೂರು ವರ್ಷಕ್ಕೆ, 1938ರ ಜೂನ್ 7ರಂದು, ನಗರಸಭೆ ತಾನೇ ಸ್ಟೀಮ್ ರೋಲರ್ ತಂದು ಗೋಡೆಗಳನ್ನು ಕೆಡವಿತು. ತನ್ನ ಬಾಡಿಗೆದಾರರ ಪರವಾಗಿ ಒಂದು ಸಾರ್ವಜನಿಕ ಸಂಸ್ಥೆ ಇಷ್ಟು ಮುಂದೆ ಹೋದದ್ದನ್ನು ಮೆಚ್ಚಲೇಬೇಕು. ಆದರೆ ಮೆಚ್ಚುಗೆಗೆ ಅರ್ಹವಾದ ಕೆಲಸವೆಲ್ಲ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕಂಪನಿ ಗೋಡೆಗಳನ್ನು ಮತ್ತೆ ಕಟ್ಟಿಸಿತು. ಕೋರ್ಟಿನಲ್ಲಿ ಗೆದ್ದದ್ದೂ ಕಂಪನಿಯೇ. ಕೋರ್ಟಿನ ಮುಂದೆ ಇದ್ದದ್ದು ಗೋಡೆ ನ್ಯಾಯವೇ ಅನ್ಯಾಯವೇ ಎಂಬ ಪ್ರಶ್ನೆಯಲ್ಲ. ಇನ್ನೊಬ್ಬರ ನೆಲದಲ್ಲಿ ನಿಂತದ್ದನ್ನು ಕೆಡವಲು ನಗರಸಭೆಗೆ ಅಧಿಕಾರ ಇತ್ತೇ ಎಂಬುದಷ್ಟೇ ಪ್ರಶ್ನೆ. ಇರಲಿಲ್ಲ ಎಂದು ತೀರ್ಪಾಯಿತು.

ಇಲ್ಲಿ ಸ್ವಲ್ಪ ನಿಂತು ಆ ಕಾನೂನಿನ ತರ್ಕವನ್ನು ಅರಿಯಬೇಕು. ರಸ್ತೆ ಎಂದು ಕಣ್ಣಿಗೆ ಕಾಣುವುದೆಲ್ಲ ಸಾರ್ವಜನಿಕ ರಸ್ತೆಯಲ್ಲ. ಬಡಾವಣೆ ಮಾಡುವವರು ತಮ್ಮ ಜಮೀನಿನಲ್ಲಿ ಹಾಕಿದ ದಾರಿಯನ್ನು ಜನರ ಓಡಾಟಕ್ಕೆ ಬಿಟ್ಟುಕೊಟ್ಟಾಗ, ಸ್ಥಳೀಯ ಸಂಸ್ಥೆ ಅದರ ಪಾಲನೆಯನ್ನು ವಹಿಸಿಕೊಂಡಾಗ ಅದು ಎಲ್ಲರ ದಾರಿಯಾಗುತ್ತದೆ. ಅಲ್ಲಿಯವರೆಗೆ ಅದು ಮಾಲೀಕರ ನೆಲ. ಆ ನೆಲದ ಮೇಲೆ ಅವರು ಮರ ನೆಡಬಹುದು, ಗೇಟು ಹಾಕಬಹುದು, ಗೋಡೆಯನ್ನೂ ಕಟ್ಟಬಹುದು. ಒಂದು ರಸ್ತೆಯ ತುದಿಯಲ್ಲಿ ಒಂದು ಇಟ್ಟಿಗೆಯ ಅಗಲದಷ್ಟು ಪಟ್ಟಿಯನ್ನು ಯಾರಾದರೂ ತಮ್ಮ ಹೆಸರಿನಲ್ಲಿ ಉಳಿಸಿಕೊಂಡರೆ, ಅದರ ಈಚೆಯ ರಸ್ತೆ ಎಲ್ಲರದಾಗಿದ್ದರೂ, ಆಚೆಯ ರಸ್ತೆ ಎಲ್ಲರದಾಗಿದ್ದರೂ, ಆ ಎರಡು ಕೂಡುವುದು ಪಟ್ಟಿಯ ಮಾಲೀಕರ ಇಷ್ಟದ ಮೇಲೆ ನಿಲ್ಲುತ್ತದೆ. ಬೀಗ ಎಷ್ಟು ಚಿಕ್ಕದಾದರೂ ಬಾಗಿಲು ತೆರೆಯದು. ಕಟ್ಸ್‌ಲೋದ ಜನ ದಿನವೂ ನಡೆದ ಆ ಅರ್ಧ ಕಿಲೋಮೀಟರು ಈ ತರ್ಕದ ಉದ್ದ.

ಯುದ್ಧ ಬಂತು. 1943ರಲ್ಲಿ ಸೈನ್ಯದ ಟ್ಯಾಂಕೊಂದು ದಾರಿ ತಪ್ಪಿ ಒಂದು ಗೋಡೆಯನ್ನು ಒಡೆದುಕೊಂಡು ಹಾದುಹೋಯಿತು. ಜರ್ಮನಿಯ ವಿರುದ್ಧ ಒಂದಾಗಿ ಹೋರಾಡುತ್ತಿದ್ದ, ಇಟ್ಟಿಗೆ ಸಿಮೆಂಟುಗಳಿಗೆ ಅಭಾವವಿದ್ದ ಆ ವರ್ಷಗಳಲ್ಲೂ ಒಡೆದ ಭಾಗವನ್ನು ಸರಿಪಡಿಸಲಾಯಿತು, ಖರ್ಚನ್ನು ತೆರಬೇಕಾದದ್ದು ಯುದ್ಧ ಇಲಾಖೆ. ನಾನು ಈ ಪ್ರಕರಣದಲ್ಲಿ ಬಹಳ ಹೊತ್ತು ನಿಂತು ಯೋಚಿಸುವುದು ಈ ಜಾಗದಲ್ಲಿ. ಗೋಡೆಯ ಎರಡೂ ಕಡೆಯ ಯುವಕರು ಒಂದೇ ಸಮವಸ್ತ್ರ ತೊಟ್ಟು ಹೊರಟ ಕಾಲ ಅದು. ರೇಷನ್ ಕಾರ್ಡಿನಲ್ಲಿ ಬೆಣ್ಣೆಯ ತೂಕ ಎರಡೂ ಕಡೆಗೆ ಒಂದೇ. ಆದರೂ ಬಿದ್ದ ಇಟ್ಟಿಗೆಗಳು ಮತ್ತೆ ಮೇಲೇರಿದವು. ಮತ್ತೆ ಕಟ್ಟಿಸಿದ್ದು ದ್ವೇಷವೆಂದು ನಾನು ಹೇಳಲಾರೆ. ಹಾನಿಯಾದ ಆಸ್ತಿಯನ್ನು ಮಾಲೀಕರಿಗೆ ಸರಿಮಾಡಿ ಕೊಡಬೇಕೆಂಬ ಕಚೇರಿಯ ನಿಯಮ ತನ್ನ ಪಾಡಿಗೆ ತಾನು ಕೆಲಸ ಮಾಡಿತು, ಅಷ್ಟೇ. ಒಂದು ಗೋಡೆ ಹೆಚ್ಚು ಕಾಲ ಬಾಳುವುದು ಹೀಗೆ.

ಸಾವಿರ ಪೌಂಡು

ದಾರಿ ಕಡೆಗೂ ತೆರೆದದ್ದು ಖರೀದಿಯಿಂದ. 1950ರ ದಶಕದಲ್ಲಿ ನಗರಸಭೆ ಗೋಡೆಗಳು ನಿಂತಿದ್ದ ಆ ಒಂಬತ್ತು ಇಂಚಿನ ಪಟ್ಟಿಗಳನ್ನು 1,000 ಪೌಂಡಿಗೆ ತನ್ನದಾಗಿಸಿಕೊಂಡಿತು. ಆಗ ಇಂಗ್ಲೆಂಡಿನಲ್ಲಿ ಒಂದು ಸಾಧಾರಣ ಮನೆಯ ಬೆಲೆ 2,000 ಪೌಂಡಿನ ಆಸುಪಾಸಿನಲ್ಲಿತ್ತು. ಹಾಗೆ ನೋಡಿದರೆ, 1933ರಲ್ಲಿ ತಾನೇ ಮಾರಿದ್ದ ಜಮೀನಿನೊಳಗಿನ ಒಂದು ಇಟ್ಟಿಗೆಯಗಲದ ನೆಲವನ್ನು ಮರಳಿ ಪಡೆಯಲು ನಗರಸಭೆ ಅರ್ಧ ಮನೆಯ ಹಣ ತೆತ್ತಿತು. ನಕ್ಷೆಯ ಮೇಲೆ ಎರಡು ಗೆರೆ ಎಳೆದು, ಕ್ರಯದ ಕಾಗದದಲ್ಲಿ ಒಂದು ಸಾಲು ಬರೆಸಿದ್ದರೆ ತಪ್ಪುತ್ತಿದ್ದ ಖರ್ಚು ಇದು. ಹಣವನ್ನಾದರೂ ಲೆಕ್ಕ ಹಾಕಬಹುದು. 1935ರಲ್ಲಿ ಐದು ವರ್ಷದವನಾಗಿ ಶಾಲೆಗೆ ಸೇರಿದ ಹುಡುಗ, ಗೋಡೆ ಬೀಳುವಾಗ ಇಪ್ಪತ್ತೊಂಬತ್ತು ವರ್ಷದವನು. ಬಾಲ್ಯವನ್ನೆಲ್ಲ ಸುತ್ತುದಾರಿಯಲ್ಲಿ ನಡೆದು ಮುಗಿಸಿದ ಅವನಿಗೆ ಅಷ್ಟರಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇದ್ದಿರಬಹುದು.

1959ರ ಮಾರ್ಚ್ 9ರಂದು ನಗರಸಭೆಯ ಸದಸ್ಯ ಎಡ್ಮಂಡ್ ಗಿಬ್ಸ್ ಮೊದಲ ಪೆಟ್ಟು ಹಾಕಿದರು. ಈ ಸಲ ತಡೆಯಲು ಪೊಲೀಸರಿರಲಿಲ್ಲ, ಮತ್ತೆ ಕಟ್ಟಲು ಕಂಪನಿಗೆ ಹಕ್ಕಿರಲಿಲ್ಲ.

ಬಿದ್ದ ಮೇಲೆ

ಬಡಾವಣೆಯ ಸ್ವಭಾವ ಗೋಡೆ ಬಿದ್ದ ದಿನವೇ ಬದಲಾಗುವುದಿಲ್ಲ. ಇಪ್ಪತ್ತನಾಲ್ಕು ವರ್ಷ ಒಂದು ಬೀದಿಯ ಮಕ್ಕಳು ಇನ್ನೊಂದು ಬೀದಿಯ ಮಕ್ಕಳ ಜೊತೆ ಆಡದೆ ಬೆಳೆದರೆ, ದಾರಿ ತೆರೆದ ಮೇಲೂ ಕಾಲು ಹಳೆಯ ದಿಕ್ಕಿಗೇ ತಿರುಗುತ್ತದೆ. ಇದಕ್ಕೆ ನಿಜವಾದ ಪೆಟ್ಟು ಬಂದದ್ದು ಮನೆಯ ಒಡೆತನದ ನಿಯಮ ಬದಲಾದಾಗ. 1980ರ ವಸತಿ ಕಾಯ್ದೆಯ ಪ್ರಕಾರ, ಕನಿಷ್ಠ ಮೂರು ವರ್ಷ ಬಾಡಿಗೆಗಿದ್ದ ಕೌನ್ಸಿಲ್ ಬಾಡಿಗೆದಾರರು ತಮ್ಮ ಮನೆಯನ್ನು ಪೇಟೆಯ ಬೆಲೆಗಿಂತ ನೂರಕ್ಕೆ 33ರಿಂದ 50ರವರೆಗೆ ರಿಯಾಯಿತಿಯಲ್ಲಿ ಕೊಳ್ಳಬಹುದಾಯಿತು. ಇಂಗ್ಲೆಂಡಿನ ಎಲ್ಲ ಕೌನ್ಸಿಲ್ ಬಡಾವಣೆಗಳಲ್ಲಿ ಆದಂತೆ ಅದರ ಗುರುತು ಮೊದಲು ಕಂಡದ್ದು ಮುಂಬಾಗಿಲುಗಳಲ್ಲಿ: ನಗರಸಭೆ ಬಳಿಸಿದ ಒಂದೇ ಬಣ್ಣದ ಬಾಗಿಲುಗಳ ಸಾಲಿನಲ್ಲಿ, ಮನೆ ಕೊಂಡವರು ತಮಗೆ ಬೇಕಾದ ಹೊಸ ಬಾಗಿಲು ಹಾಕಿಸಿಕೊಂಡರು. ಬಾಡಿಗೆಯವರು ಈ ಕಡೆ, ಸ್ವಂತದವರು ಆ ಕಡೆ ಎಂಬ ಸ್ಯಾಕ್ಸ್‌ಟನ್ನರ ಲೆಕ್ಕ ಹೀಗೆ ಒಳಗಿನಿಂದಲೇ ಅಳಿಸಿತು. ಇಂದಿನ ಆಕ್ಸ್‌ಫರ್ಡ್, ದುಡಿಮೆಯ ಸಂಬಳಕ್ಕೆ ಹೋಲಿಸಿದರೆ, ಬ್ರಿಟನ್ನಿನಲ್ಲಿ ಮನೆ ತೀರ ತುಟ್ಟಿಯಾಗಿರುವ ನಗರಗಳಲ್ಲಿ ಒಂದು. ಕೊಳ್ಳುವ ಹಕ್ಕು ಹಲವು ಕುಟುಂಬಗಳಿಗೆ ನೆಲೆ ಕೊಟ್ಟಿತೆಂಬುದು ಎಷ್ಟು ನಿಜವೋ, ಒಮ್ಮೆ ಮಾರಿದ ಕೌನ್ಸಿಲ್ ಮನೆ ಮುಂದಿನ ಬಡ ಕುಟುಂಬಕ್ಕೆ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ. ಆ ಕುಟುಂಬ ಈಗ ನಿಂತಿರುವುದು ಗೋಡೆಯ ಆಚೆಯಲ್ಲ, ಊರಿನ ಆಚೆ.

2006ರಲ್ಲಿ ಗೋಡೆಯಿದ್ದ ಜಾಗದಲ್ಲಿ ಸ್ಮಾರಕದ ನೀಲಿ ಫಲಕವೊಂದನ್ನು ಹಾಕಲಾಯಿತು. ಸಾಮಾನ್ಯವಾಗಿ ದೊಡ್ಡ ಲೇಖಕರು, ವಿಜ್ಞಾನಿಗಳು ವಾಸವಾಗಿದ್ದ ಮನೆಗೆ ಅಂಟಿಸುವ ಫಲಕ ಅದು. ಒಂದು ಅವಮಾನವನ್ನು ಮರೆಯದಿರಲು ಅದನ್ನೇ ಬಳಸಿದ್ದು ಆ ನಗರದ ಒಳ್ಳೆಯ ತೀರ್ಮಾನವೆಂದು ನಾನು ಭಾವಿಸುತ್ತೇನೆ. ಇಂದು ಬ್ಯಾನ್‌ಬರಿ ರಸ್ತೆಯಿಂದ ವೆಂಟ್‌ವರ್ತ್ ರಸ್ತೆಗೆ ತಿರುಗಿ ನೇರ ನಡೆದರೆ ಎಲ್ಲೂ ಅಡ್ಡಿಯಿಲ್ಲ. ಒಂದು ಕಡೆ ಮಾತ್ರ, ತಿರುವಿಲ್ಲದೆ, ಕೂಡುರಸ್ತೆಯಿಲ್ಲದೆ, ಹೆಸರು ಬದಲಾಗಿ ಅದೇ ರಸ್ತೆ ಆಲ್ಡ್ರಿಚ್ ರಸ್ತೆಯಾಗುತ್ತದೆ.

2018ರ ಬೇಸಿಗೆಯಲ್ಲಿ ಆ ರಸ್ತೆಗೆ ಹೊಸ ಡಾಂಬರು ಹಾಕಿಸಿದರು. ರಸ್ತೆಗಳ ಹೊಣೆ ಹೊತ್ತ ಕೌಂಟಿ ಕೌನ್ಸಿಲ್ಲಿನ ಪಟ್ಟಿಯಲ್ಲಿ ಇದ್ದದ್ದು ವೆಂಟ್‌ವರ್ತ್ ರಸ್ತೆ. ಆಲ್ಡ್ರಿಚ್ ರಸ್ತೆ ಇರಲಿಲ್ಲ. ಕೆಲಸದವರು ಬ್ಯಾನ್‌ಬರಿ ರಸ್ತೆಯ ಕಡೆಯಿಂದ ಕಪ್ಪಗೆ, ನುಣ್ಣಗೆ ಹಾಸುತ್ತ ಬಂದು, ಹೆಸರು ಬದಲಾಗುವಲ್ಲಿ, ಅಂದರೆ ಗೋಡೆ ನಿಂತಿದ್ದ ಜಾಗದಲ್ಲೇ, ನಿಲ್ಲಿಸಿ ಹೋದರು. ಗೋಡೆ ಬಿದ್ದು ಐವತ್ತೊಂಬತ್ತು ವರ್ಷವಾದ ಮೇಲೆ, ಹಳೆಯ ಬೂದು ರಸ್ತೆಗೂ ಹೊಸ ಕಪ್ಪು ರಸ್ತೆಗೂ ನಡುವೆ ಅದು ಮತ್ತೆ ಒಂದು ಗೆರೆಯಾಗಿ ಕಂಡಿತು.